ಎರಡು ಸೂರ್ಯೋದಯದಷ್ಟು ದೂರ

ಪರ್ತ್‌ನಿಂದ ಶ್ರೀಲಂಕಾಕ್ಕೆ ಎಷ್ಟು ದೂರ ಎಂದು ಕೇಳಿದರೆ ಇಂದು ಫೋನು ಥಟ್ಟನೆ ಉತ್ತರಿಸುತ್ತದೆ: ಐದೂವರೆ ಸಾವಿರ ಕಿ.ಮೀ.ಗಿಂತ ತುಸು ಹೆಚ್ಚು, ಏಳೆಂಟು ಗಂಟೆಯ ಹಾರಾಟ. ಆದರೆ ದೂರವೆಂಬುದು ಭೂಗೋಳದ ವಿಷಯವಾಗಿರುವಷ್ಟೇ ಚರಿತ್ರೆಯ ವಿಷಯವೂ ಹೌದು.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಬ್ರಿಟನ್-ಆಸ್ಟ್ರೇಲಿಯಾ ವಿಮಾನಮಾರ್ಗ ನಡುವೆಯೇ ತುಂಡಾಯಿತು. ಉಳಿದ ದಾರಿ ಹಿಂದೂ ಮಹಾಸಾಗರದ್ದು. 1943ರ ಜೂನ್ ಕೊನೆಯಲ್ಲಿ ಕ್ವಾಂಟಾಸ್ ಸಂಸ್ಥೆ ಪರ್ತ್‌ನ ಸ್ವಾನ್ ನದಿಯಿಂದ ಸಿಲೋನಿನ ದಕ್ಷಿಣ ಕರಾವಳಿಯ ಕೊಗ್ಗಲ ಸರೋವರಕ್ಕೆ ಕೆಟಲಿನಾ ವಿಮಾನಗಳನ್ನು ಹಾರಿಸತೊಡಗಿತು. ಇವು ನೀರಿನ ಮೇಲೆ ಏರಿ ಇಳಿಯುವಂಥವು. (ಇದೇ ಜಾತಿಯ ಸೈನಿಕ ವಿಮಾನಗಳು ಆ ಕಾಲದಲ್ಲಿ ರಿಪೇರಿಗೆಂದು ನಮ್ಮ ಬೆಳ್ಳಂದೂರು ಕೆರೆಯಲ್ಲೂ ಇಳಿಯುತ್ತಿದ್ದವು. ಇಂದಿನ ಆ ಕೆರೆ ನೋಡಿದವರು ನಂಬುವುದು ಕಷ್ಟ.)

ಸುಮಾರು 5,650 ಕಿ.ಮೀ. ದಾರಿ, ಗಂಟೆಗೆ 200 ಕಿ.ಮೀ. ಆಸುಪಾಸಿನ ವೇಗ. ಒಂದು ಹಾರಾಟಕ್ಕೆ 27ರಿಂದ 33 ಗಂಟೆ. ವಿಮಾನ ಹೊತ್ತದ್ದು ಬಹುಪಾಲು ಪೆಟ್ರೋಲನ್ನೇ. ಹಾಗಾಗಿ ಮೂವರು ಪ್ರಯಾಣಿಕರು, 69 ಕೆ.ಜಿ. ಟಪಾಲು, ಅಷ್ಟಕ್ಕೇ ಜಾಗ. ಆ ಕಾಲದ ದೂರವನ್ನು ಕಿಲೋಮೀಟರಿಗಿಂತ ಈ 69 ಕೆ.ಜಿ.ಯೇ ಚೆನ್ನಾಗಿ ಹೇಳುತ್ತದೆ ಎಂದು ನನಗನ್ನಿಸುತ್ತದೆ. ಎಷ್ಟು ಮಂದಿಯ ಕಾಗದ ಆ ತೂಕದೊಳಗೆ ಹಿಡಿಸೀತು?

ಆಯುಧವಿಲ್ಲ, ಶತ್ರುವಿಗೆ ಸುಳಿವು ಸಿಗದಿರಲೆಂದು ರೇಡಿಯೋ ಕೂಡ ಮೌನ. ರಾತ್ರಿ ದಾರಿ ತೋರಿಸುತ್ತಿದ್ದುದು ನಕ್ಷತ್ರಗಳು. ಐದು ವಿಮಾನಗಳ ಹೆಸರೂ ನಕ್ಷತ್ರಗಳದ್ದೇ: ಆಲ್ಟೇರ್, ವೇಗಾ, ಸ್ಪೈಕಾ, ಅಂಟಾರೆಸ್, ರೈಜೆಲ್. ಮೊದಲ ನಾಲ್ಕು ನಮ್ಮ ಶ್ರವಣ, ಅಭಿಜಿತ್, ಚಿತ್ತಾ, ಜ್ಯೇಷ್ಠಾ.

ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯ ಕಾಣುತ್ತಿದ್ದುದರಿಂದ ಇವಕ್ಕೆ 'ಜೋಡಿ ಸೂರ್ಯೋದಯ'ದ ಹಾರಾಟಗಳೆಂದೇ ಹೆಸರಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಎರಡೂ ಊರುಗಳ ರೇಖಾಂಶದ ಅಂತರ ಸುಮಾರು 36 ಡಿಗ್ರಿ, ಅಂದರೆ ಸೂರ್ಯನ ಲೆಕ್ಕದಲ್ಲಿ ಎರಡೂವರೆ ಗಂಟೆಯ ಹತ್ತಿರ. ಪಶ್ಚಿಮಕ್ಕೆ, ಸಿಲೋನಿನ ಕಡೆ ಹೊರಟವರಿಗೆ ಎರಡನೆಯ ಸೂರ್ಯ ಅಷ್ಟು ತಡವಾಗಿ ಹುಟ್ಟುತ್ತಾನೆ. ಪೂರ್ವಕ್ಕೆ ಮರಳುವವರಿಗೆ ಅಷ್ಟೇ ಬೇಗ. ದಾರಿ ಒಂದೇ, ದಿನದ ಉದ್ದ ಬೇರೆ. ಪ್ರಯಾಣಿಕರಿಗೆ 'ಜೋಡಿ ಸೂರ್ಯೋದಯದ ಗುಪ್ತ ಸಂಘ'ದ ಸದಸ್ಯರೆಂಬ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಯುದ್ಧದ ನಡುವೆಯೂ ತಮಾಷೆಗೆ ಬರವಿರಲಿಲ್ಲ.

1945ರ ಜುಲೈವರೆಗೆ ಇಂಥ 271 ಹಾರಾಟಗಳಾದವು. ಒಂದೂ ವಿಮಾನ ಕಳೆದುಹೋಗಲಿಲ್ಲ. 2018ರಲ್ಲಿ ಅದೇ ಪರ್ತ್‌ನಿಂದ ಲಂಡನ್ನಿಗೆ ನೇರ ವಿಮಾನ ಶುರುವಾಯಿತು: ಸುಮಾರು 14,500 ಕಿ.ಮೀ., 17 ಗಂಟೆ ಚಿಲ್ಲರೆ. ದೂರದಲ್ಲಿ ಎರಡೂವರೆ ಪಟ್ಟು. ಆದರೂ ಗಾಳಿಯಲ್ಲಿ ಕಳೆದ ಹೊತ್ತಿನ ಲೆಕ್ಕದಲ್ಲಿ ಆ ಹಳೆಯ ಕೆಟಲಿನಾಗಳ ದಾಖಲೆಯ ಹತ್ತಿರಕ್ಕೂ ಅದು ಬರುವುದಿಲ್ಲ.

ಆ ವಿಮಾನಗಳು ಅಮೆರಿಕದಿಂದ ಯುದ್ಧಕಾಲದ ಎರವಲು ಒಪ್ಪಂದದ ಮೇಲೆ ಬಂದವು. ಯುದ್ಧ ಮುಗಿದ ಮೇಲೆ, ಒಪ್ಪಂದದ ಷರತ್ತಿನಂತೆ, ಅವನ್ನು ಸಮುದ್ರಕ್ಕೆ ಒಯ್ದು ಬೇಕೆಂದೇ ಮುಳುಗಿಸಿದರು.