ಸೀ ವ್ಯೂ ವಿಲ್ಲಾ ಮತ್ತು ಎರಡು ಸಾವಿರ ವರ್ಷದ ಹಳೇ ಮೋಸ

ಈ ವಾರದ ಕತೆ ಶುರುವಾಗೋದು ಒಂದು ಬಾತ್‌ರೂಮ್ ಕಿಟಕಿಯಿಂದ.

ಹೋದ ವರ್ಷ ಅಕ್ಟೋಬರ್‌ನಲ್ಲಿ ನಾವು ನಾಲ್ಕು ಜನ ಸ್ನೇಹಿತರು ಇಟಲಿಗೆ ಹೋಗಿದ್ವಿ. ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದ ದುಡ್ಡು. ನೇಪಲ್ಸ್ ಹತ್ರದ ಬಾಕೊಲಿ ಅನ್ನೋ ಊರಲ್ಲಿ ಆರು ದಿನಕ್ಕೆ ಒಂದು ವಿಲ್ಲಾ ಬಾಡಿಗೆಗೆ ಹಿಡಿದ್ವಿ. ಫೋಟೋದಲ್ಲಿ ನೀಲಿ ಸಮುದ್ರ, ದೋಣಿಗಳು, ನಿಂಬೆ ಗಿಡ. ಕೆಳಗೆ ದಪ್ಪ ಅಕ್ಷರದಲ್ಲಿ 'ಸೀ ವ್ಯೂ'. ಹೋಗಿ ನೋಡಿದ್ರೆ ನಿಂಬೆ ಗಿಡ ಇತ್ತು. ಸಮುದ್ರ? ಬಾತ್‌ರೂಮ್ ಕಿಟಕಿಯಿಂದ, ಎದುರುಮನೆ ಗೋಡೆಗೂ ಡಿಶ್ ಆಂಟೆನಾಗೂ ನಡುವೆ, ಅಂಗೈ ಅಗಲ ಕಾಣ್ತಿತ್ತು. ಮಾಲೀಕರಿಗೆ ಮೆಸೇಜ್ ಮಾಡಿದೆ. 'ಕಾಣುತ್ತಲ್ವಾ?' ಅಂತ ಉತ್ತರ ಬಂತು.

ಸುಳ್ಳು ಅನ್ನೋಕಾಗಲ್ಲ. ಅದೇ ತೊಂದರೆ.

ಈ ತೊಂದರೆ ಬಗ್ಗೆ ಅದೇ ಕರಾವಳಿಯಲ್ಲಿ ಮನೆ ಇದ್ದ ಒಬ್ಬರು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಹೆಸರು ಸಿಸೆರೊ. ರೋಮಿನ ವಕೀಲ, ರಾಜಕಾರಣಿ. ನಾವಿದ್ದ ಜಾಗದ ಆಸುಪಾಸಲ್ಲೇ, ಕ್ಯೂಮೆಯಲ್ಲಿ ಒಂದು, ಈಗ ಪೊಝ್ಝುಓಲಿ ಅನ್ನೋ ಪುಟಿಯೋಲಿಯಲ್ಲಿ ಇನ್ನೊಂದು ವಿಲ್ಲಾ ಆತನಿಗಿತ್ತು. ಕ್ರಿ.ಪೂ. 44ರಲ್ಲಿ, ಅಥೆನ್ಸಿನಲ್ಲಿ ಓದ್ತಿದ್ದ ಮಗನಿಗೋಸ್ಕರ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೀತಾನೆ. ಅದರಲ್ಲಿ ಈ ಕತೆ ಬರುತ್ತೆ.

ಕೇನಿಯಸ್ ಅನ್ನೋ ರೋಮಿನ ಶ್ರೀಮಂತ ರಜೆ ಕಳೆಯೋಕೆ ಸಿಸಿಲಿಯ ಸಿರಾಕ್ಯೂಸ್‌ಗೆ ಹೋಗ್ತಾನೆ. ಒಂದು ಸಣ್ಣ ತೋಟದ ಮನೆ ಕೊಳ್ಳಬೇಕು ಅಂತ ಆಸೆ. ಪೈಥಿಯಸ್ ಅನ್ನೋ ಲೇವಾದೇವಿಗಾರನ ಕಿವಿಗೆ ಇದು ಬೀಳುತ್ತೆ. ನಂದೊಂದು ತೋಟ ಇದೆ, ಮಾರಲ್ಲ, ಆದ್ರೆ ನಾಳೆ ಊಟಕ್ಕೆ ಬನ್ನಿ ಅಂತಾನೆ. ಆಮೇಲೆ ಮೀನುಗಾರರನ್ನ ಕರೆಸಿ, ನಾಳೆ ನನ್ನ ತೋಟದ ಮುಂದೇನೇ ಮೀನು ಹಿಡೀರಿ ಅಂತ ಹೇಳಿ ಕಳಿಸ್ತಾನೆ.

ಮಾರನೇ ದಿನ ಕೇನಿಯಸ್ ಬಂದು ನೋಡಿದ್ರೆ ಕಣ್ಣು ಹಾಯಿಸಿದಲ್ಲೆಲ್ಲ ದೋಣಿ. ಒಬ್ಬೊಬ್ಬ ಬೆಸ್ತನೂ ಮೀನು ತಂದು ಪೈಥಿಯಸ್ ಕಾಲ ಹತ್ರ ಸುರೀತಾನೆ. ಇದೇನಪ್ಪಾ ಅಂದ್ರೆ, ಇಡೀ ಊರಿನ ಮೀನು ಇಲ್ಲೇ ಸಿಗೋದು ಅಂತಾನೆ ಪೈಥಿಯಸ್. ಕೇನಿಯಸ್ ದುಂಬಾಲು ಬಿದ್ದು, ಕೇಳಿದಷ್ಟು ರೇಟಿಗೆ, ಸಾಮಾನು ಸಮೇತ ಕೊಂಡ್ಕೊತಾನೆ. ಮರುದಿನ ಸ್ನೇಹಿತರನ್ನ ಕರೀತಾನೆ. ಒಂದು ಹುಟ್ಟೂ ಕಾಣಲ್ಲ. ಬೆಸ್ತರಿಗೆ ಇವತ್ತು ರಜಾನಾ ಅಂತ ಪಕ್ಕದ ಮನೆಯವನನ್ನ ಕೇಳ್ತಾನೆ. ಇಲ್ಲಿ ಯಾವತ್ತೂ ಯಾರೂ ಮೀನು ಹಿಡಿಯಲ್ಲ, ನಿನ್ನೆ ಏನಾಯ್ತು ಅಂತ ನಂಗೇ ಆಶ್ಚರ್ಯ ಅಂತಾನೆ ಅವನು.

ದೋಣಿಗಳು ನಿಜ, ಮೀನು ನಿಜ. ಫಿಲ್ಟರ್ ಹಾಕಿದ ಫೋಟೋ ಇದ್ದ ಹಾಗೆ ಅಷ್ಟೇ.

ಸಿಸೆರೊ ಇನ್ನೊಂದು ಕೇಸನ್ನೂ ಹೇಳ್ತಾನೆ. ಅದರಲ್ಲಿ ಬರೋ ಸೆರ್ಜಿಯಸ್ ಒರಾಟಾ ಬಿ.ಕಾಂ ಓದಿದ ನನಗೆ ಬಹಳ ಇಷ್ಟವಾದ ಮನುಷ್ಯ. ನಾವಿದ್ದ ಮನೆ ಪಕ್ಕದ ಬಾಯಾ, ರೋಮನ್ ಶ್ರೀಮಂತರು ರಜೆಗೆ ಬರ್ತಿದ್ದ ಜಾಗ. ಅಲ್ಲಿ ದುಡ್ಡಿಗೋಸ್ಕರ ಸಿಂಪಿ ಸಾಕೋದನ್ನ ಮೊದಲು ಶುರುಮಾಡಿದ್ದು ಒರಾಟಾ ಅಂತ ಪ್ಲಿನಿ ಬರೆದಿದ್ದಾನೆ. ಅಷ್ಟೇ ಅಲ್ಲ, ವಿಲ್ಲಾಗಳಿಗೆ 'ತೂಗು ಸ್ನಾನದ ಮನೆ' ಅನ್ನೋ ಹೊಸ ಸೌಕರ್ಯ ಹಾಕಿಸಿ ಮಾರ್ತಿದ್ದ. ಇಂಥವನೇ ಒಮ್ಮೆ, ತಾನು ಹಿಂದೆ ಮಾರಿದ್ದ ಮನೆಯನ್ನ ವಾಪಸ್ ಕೊಂಡು, ಅದರ ಮೇಲೆ ಬೇರೆಯವರ ಹಕ್ಕು ಇರೋದನ್ನ ನಂಗೆ ಹೇಳಲೇ ಇಲ್ಲ ಅಂತ ಜಗಳ ತೆಗೆದ. ನಿನ್ನದೇ ಮನೆ ಆಗಿತ್ತಲ್ಲಪ್ಪಾ, ನಿಂಗೆ ಗೊತ್ತಿರಲಿಲ್ವಾ ಅಂತ ಎದುರು ವಕೀಲರ ವಾದ!

ಆ ಬಾಯಾ ಈಗ ಅರ್ಧ ನೀರೊಳಗಿದೆ. ಅಡಿಯಲ್ಲಿ ಕ್ಯಾಂಪಿ ಫ್ಲೆಗ್ರೆ ಅನ್ನೋ ಜ್ವಾಲಾಮುಖಿ ಇರೋದ್ರಿಂದ ಇಲ್ಲಿನ ನೆಲ ನಿಧಾನಕ್ಕೆ ಏಳುತ್ತೆ, ಇಳಿಯುತ್ತೆ. 2002ರಿಂದ ಅದು ಸಂರಕ್ಷಿತ ನೀರಡಿ ಪಾರ್ಕ್. ಗಾಜಿನ ತಳದ ದೋಣಿಯಲ್ಲಿ ಕೂತು ವಿಲ್ಲಾಗಳ ಗೋಡೆ ನೋಡಬಹುದು. ಪೊಝ್ಝುಓಲಿಯ ಹಳೇ ರೋಮನ್ ಮಾರ್ಕೆಟ್‌ನಲ್ಲಿ ಮೂರು ಅಮೃತಶಿಲೆ ಕಂಬ ಇವೆ. ಆಳೆತ್ತರಕ್ಕಿಂತ ಮೇಲೆ ಸಮುದ್ರದ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಅಂದ್ರೆ ಕಂಬ ಅಷ್ಟೆತ್ತರ ಮುಳುಗಿ, ಮತ್ತೆ ಎದ್ದಿದೆ. 1830ರಲ್ಲಿ ಚಾರ್ಲ್ಸ್ ಲೈಯೆಲ್ ಭೂವಿಜ್ಞಾನದ ತನ್ನ ಪುಸ್ತಕದ ಮೊದಲ ಚಿತ್ರವಾಗಿ ಹಾಕಿದ್ದು ಈ ಕಂಬಗಳನ್ನೇ.

ಮೂರನೇ ರಾತ್ರಿ ನಮ್ಮ ವಿಲ್ಲಾದ ಕಪಾಟಲ್ಲಿದ್ದ ಗ್ಲಾಸುಗಳು ಟಿಣ್ ಟಿಣ್ ಅಂದ್ವು. ಮಂಚ ಅಲ್ಲಾಡ್ತು. ಹೊರಗೆ ಓಡಿ ಬಂದ್ವಿ. ಪಕ್ಕದ ಮನೆ ಅಜ್ಜಿ ಬಾಗಿಲಲ್ಲಿ ನಿಂತಿದ್ರು. ಫೋನಿನ ಅನುವಾದ ಆನ್ ಮಾಡಿ ಮಾತಾಡಿದ್ವಿ. 'ಇದು ಇಲ್ಲಿ ಇದ್ದದ್ದೇ. ನಿಮಗೆ ಹೇಳಿರಲಿಲ್ವಾ?' ಅಂದ್ರು. 1982ರಿಂದ 84ರ ಒಳಗೆ ಪೊಝ್ಝುಓಲಿಯ ನೆಲ ಸುಮಾರು 1.8 ಮೀಟರ್ ಎದ್ದಿತ್ತು. 1983ರಲ್ಲಿ ಕೈಕೂಸು ಎತ್ಕೊಂಡು ಮನೆ ಬಿಟ್ಟವರಂತೆ ಅವರು. ಮತ್ತೆ ಆ ಮನೆಗೆ ಹೋಗಲೇ ಇಲ್ಲ.

ಸಮುದ್ರ ಕಾಣದಿದ್ರೆ ಸಿಟ್ಟು ಬರುತ್ತೆ, ಅಷ್ಟೇ. ಇದು ಬೇರೆ. ಮಲಗೋ ಮನೆಯ ನೆಲ ಅಲ್ಲಾಡುತ್ತೆ ಅಂತ ಆ ಲಿಸ್ಟಿಂಗ್‌ನಲ್ಲಿ ಒಂದು ಸಾಲೂ ಇರಲಿಲ್ಲ.

ಕಾಲೇಜಲ್ಲಿ ಬಿಸಿನೆಸ್ ಲಾ ಬಾಯಿಪಾಠ ಮಾಡಿದ್ದು ಆಗ ನೆನಪಾಯ್ತು. ನಮ್ಮ 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್: ಗೊತ್ತಿರೋ ವಿಷಯವನ್ನ ಬೇಕಂತಲೇ ಮರೆಮಾಚಿದ್ರೆ ವಂಚನೆ. ಬರೀ ಸುಮ್ಮನಿದ್ರೆ ವಂಚನೆ ಅಲ್ಲ, ಆದ್ರೆ ಹೇಳಲೇಬೇಕಾದ ಹೊಣೆ ಇದ್ದೂ ಸುಮ್ಮನಿದ್ರೆ ವಂಚನೆ. ಸಿಸೆರೊ ಇದಕ್ಕಿಂತ ಗಟ್ಟಿ. ಕೊಳ್ಳೋನಿಗೆ ತಿಳಿದ್ರೆ ಒಳ್ಳೇದಾಗೋ ವಿಷಯವನ್ನ ನಿನ್ನ ಲಾಭಕ್ಕೆ ಅಡಗಿಸೋದು ಒಳ್ಳೆಯವರ ಕೆಲಸ ಅಲ್ಲ ಅನ್ನೋದು ಅವನ ನಿಲುವು.

ರಿವ್ಯೂ ಬರೆಯೋಕೆ ಕೂತೆ. ಕೈ ನಿಂತುಹೋಯ್ತು. ಯಾಕಂದ್ರೆ ಮೂಡಿಗೆರೆ ಕಡೆ ನನ್ನ ಸೋದರಮಾವನದ್ದೊಂದು ಹೋಂಸ್ಟೇ ಇದೆ. ಅದರ ಲಿಸ್ಟಿಂಗ್ ಬರೆದಿದ್ದು ನಾನೇ. 'ಜಲಪಾತಕ್ಕೆ ಹತ್ತು ನಿಮಿಷ' ಅಂತ ಹಾಕಿ, ಆಗಸ್ಟ್‌ನಲ್ಲಿ ತೆಗೆದ ಫೋಟೋ ಅಂಟಿಸಿದ್ದೆ. ಒಂದು ಏಪ್ರಿಲ್‌ನಲ್ಲಿ ಮಕ್ಕಳನ್ನ ಕರ್ಕೊಂಡು ಬಂದ ಒಬ್ಬರು ಒಣಗಿದ ಬಂಡೆ ಮುಂದೆ ನಿಂತು 'ನೀರೆಲ್ಲಿ?' ಅಂತ ಫೋನ್ ಮಾಡಿದ್ರು. ನಾನು ಕೊಟ್ಟ ಉತ್ತರ: 'ಜಾಗ ಅದೇ ಅಲ್ವಾ ಮೇಡಂ?'

ರಿವ್ಯೂನಲ್ಲಿ ಎರಡೇ ಸಾಲು ಬರೆದೆ: ಸಮುದ್ರ ಬಾತ್‌ರೂಮಿಂದ ಕಾಣುತ್ತೆ, ನೆಲ ಆಗಾಗ ಅಲ್ಲಾಡುತ್ತೆ. ಆಮೇಲೆ ಮಾವನಿಗೆ ಫೋನ್ ಮಾಡಿ, ಬೇಸಿಗೇಲಿ ಜಲಪಾತದಲ್ಲಿ ನೀರಿರಲ್ಲ ಅಂತ ಹಾಕ್ತೀನಿ ಅಂದೆ. 'ಹಾಕು. ಏಪ್ರಿಲ್‌ಗೆ ಬಂದು ರೂಮು ನೀನೇ ತುಂಬಿಸು' ಅಂದ್ರು.

ಹಾಕಿದೆ. ಈ ಬೇಸಿಗೆ ಬುಕಿಂಗ್ ಕಮ್ಮಿಯೇ ಆಯ್ತು. ಮಾವ ಇನ್ನೂ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ.

ನೀವು ರೂಮ್ ಬುಕ್ ಮಾಡೋ ಮುಂಚೆ, ಫೋಟೋ ಯಾವ ತಿಂಗಳಲ್ಲಿ ತೆಗೆದಿದ್ದು ಅಂತ ಒಂದು ಸಲ ಕೇಳಿ. ಕೇನಿಯಸ್ ಪಕ್ಕದ ಮನೆಯವನನ್ನ ಒಂದು ದಿನ ಮುಂಚೆ ಕೇಳಿದ್ರೆ ಸಾಕಿತ್ತು. ಮುಂದಿನ ವಾರ ಸಿಗೋಣ.