ಹಳೆಯ ಪೀಠೋಪಕರಣ ಮತ್ತು ದೊರೆತ ವಸ್ತುಗಳ ಮರುಬಳಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹಳೆಯ ಮನೆಗಳನ್ನು ಕೆಡವುವಾಗ ದೊರೆಯುವ ಬಾಗಿಲುವಾಡ, ಕಂಬ ಹಾಗೂ ತೊಲೆಗಳನ್ನು, ಗುಜರಿ ಅಂಗಡಿಗಳಲ್ಲಿ ಮಾರಾಟಕ್ಕಿರುವ ಮಂಚ, ಕುರ್ಚಿ ಹಾಗೂ ಪೆಟ್ಟಿಗೆಗಳನ್ನು ದುರಸ್ತಿಗೊಳಿಸಿ ಬಳಸುವುದು ಮಿತವ್ಯಯಕ್ಕೂ ಪರಿಸರ ಸಂರಕ್ಷಣೆಗೂ ಸಹಕಾರಿಯಾಗಿದೆ. ಆದರೆ ಇಂತಹ ವಸ್ತುಗಳಲ್ಲಿ ಕೆಲವು ಕಾನೂನಿನ ವ್ಯಾಪ್ತಿಗೆ ಒಳಪಡುತ್ತವೆ. ಅಲ್ಲದೆ, ಒಮ್ಮೆ ಉಜ್ಜಿ, ಕೊರೆದು, ಬಣ್ಣ ಬಳಿದ ನಂತರ ಅಳಿದುಹೋದ ಪ್ರಾಚೀನತೆಯ ಕುರುಹುಗಳನ್ನು ಮರಳಿ ಪಡೆಯಲಾಗದು. ಆದುದರಿಂದ ದುರಸ್ತಿಗೆ ಮುನ್ನ ವಸ್ತುವನ್ನು ಪರಿಶೀಲಿಸುವುದು ಅಗತ್ಯ.

1. ಮುಕ್ತವಾಗಿ ಬಳಸಬಹುದಾದ ವಸ್ತುಗಳು

ದಿನಬಳಕೆಯ ಸಾಮಾನ್ಯ ಕುರ್ಚಿ, ಮೇಜು, ಬೀರು, ತೊಟ್ಟಿಲು, ಬೀಸುಕಲ್ಲು, ಒರಳು, ಹಂಡೆ ಮುಂತಾದ ಇತ್ತೀಚಿನ ವಸ್ತುಗಳನ್ನು ಮನೆಯಲ್ಲಿ ದುರಸ್ತಿ ಮಾಡಿ ಬಳಸಲು ಪುರಾತನ ವಸ್ತುಗಳ ಕಾನೂನಿನನ್ವಯ ಯಾವುದೇ ಅನುಮತಿ ಬೇಕಾಗಿಲ್ಲ. ಗುಜರಿಯಲ್ಲಿ ಖರೀದಿಸಿದಲ್ಲಿ ರಸೀದಿ ಪಡೆದು ಇಟ್ಟುಕೊಳ್ಳುವುದು ಸೂಕ್ತ. ವಸ್ತುವಿನ ಮೂಲದ ಬಗ್ಗೆ ಪ್ರಶ್ನೆ ಉದ್ಭವಿಸಿದಾಗ ಸದರಿ ರಸೀದಿಯು ಆಧಾರವಾಗುತ್ತದೆ.

2. ಪುರಾತನ ವಸ್ತುಗಳು

ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಅಧಿನಿಯಮ, 1972ರ ಪ್ರಕಾರ 100 ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ, ನಾಣ್ಯ, ಚಿತ್ರ, ಶಾಸನ, ಕುಶಲಕಲಾಕೃತಿ ಹಾಗೂ ಕಟ್ಟಡದಿಂದ ಬೇರ್ಪಡಿಸಿದ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಈ ಅವಧಿ 75 ವರ್ಷಗಳು. ಕೆತ್ತನೆಯುಳ್ಳ ಹಳೆಯ ಕಂಬ ಅಥವಾ ಬಾಗಿಲುವಾಡವು ಈ ವ್ಯಾಪ್ತಿಗೆ ಬರುವ ಸಾಧ್ಯತೆ ಇದೆ.

ಕಲ್ಲು, ಸುಟ್ಟ ಮಣ್ಣು, ಲೋಹ, ಮರ ಮೊದಲಾದವುಗಳ ಪುರಾತನ ಶಿಲ್ಪಗಳನ್ನು ಹೊಂದಿರುವವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೋಂದಣಾಧಿಕಾರಿಗಳಲ್ಲಿ ನೋಂದಾಯಿಸತಕ್ಕದ್ದು. ನಿಗದಿತ ನಮೂನೆಯ ಅರ್ಜಿಯೊಂದಿಗೆ ವಸ್ತುವಿನ ಛಾಯಾಚಿತ್ರಗಳನ್ನು ಲಗತ್ತಿಸಬೇಕು. ನೋಂದಣಿ ಮಾಡಿಸಿದ ಮಾತ್ರಕ್ಕೆ ವಸ್ತುವಿನ ಒಡೆತನ ಸರ್ಕಾರಕ್ಕೆ ಹೋಗುವುದಿಲ್ಲ. ಈ ಬಗ್ಗೆ ಆತಂಕ ಪಡುವ ಅವಶ್ಯಕತೆಯಿಲ್ಲ.

ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ಖಾಸಗಿ ವ್ಯಕ್ತಿಗಳು ಅವುಗಳನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಹೊರದೇಶದಲ್ಲಿ ನೆಲೆಸಿರುವ ಮಕ್ಕಳಿಗೆ ಮನೆಯ ಹಳೆಯ ಪೆಟ್ಟಿಗೆ ಅಥವಾ ದೀಪವನ್ನು ಕಳುಹಿಸಲು ಇಚ್ಛಿಸುವವರು, ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಮೇಲ್ಕಂಡ ಸರ್ವೇಕ್ಷಣ ಇಲಾಖೆಯಿಂದ ಮುಂಚಿತವಾಗಿ ಪಡೆಯುವುದು ಒಳಿತು.

3. ದಂತದ ಕುಸುರಿ ಇರುವ ಪೀಠೋಪಕರಣ

ಮೈಸೂರಿನ ಬೀಟೆ ಮರದ ಹಳೆಯ ಪೆಟ್ಟಿಗೆ, ಮೇಜುಗಳಲ್ಲಿ ಆನೆದಂತದ ಕುಸುರಿ ಇರಬಹುದು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ 1986 ಹಾಗೂ 1991ರಲ್ಲಿ ಮಾಡಲಾದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಷಿದ್ಧವಾಗಿದೆ. ಇಂತಹ ವಸ್ತುವನ್ನು ಕೊಳ್ಳುವುದಾಗಲಿ, ಮಾರುವುದಾಗಲಿ ಸಲ್ಲದು. ಉತ್ತರಾಧಿಕಾರದಿಂದ ಬಂದಿದ್ದಲ್ಲಿ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಕೆಡವಿದ ಮನೆಯ ತೇಗ, ಬೀಟೆ ತೊಲೆಗಳನ್ನು ಬೇರೆಡೆಗೆ ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು.

4. ನೆಲದಲ್ಲಿ ಹಾಗೂ ಹಿತ್ತಿಲಲ್ಲಿ ದೊರೆಯುವ ಕಲ್ಲುಗಳು

ಶಾಸನಗಳು, ವೀರಗಲ್ಲುಗಳು ಮತ್ತು ಮಾಸ್ತಿಕಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿಯ ಚಪ್ಪಡಿಯಾಗಿ, ಮೆಟ್ಟಿಲಾಗಿ ಬಳಕೆಯಾಗಿರುವುದು ರಾಜ್ಯದ ಹಲವೆಡೆ ಕಂಡುಬಂದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಹೊರಬಂದ ಕಲ್ಲು, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯ ಶಾಸನವೆಂದು ತಿಳಿದುಬಂದಿತು. ನಾಗರಿಕರ ಆಸಕ್ತಿಯಿಂದ ಅದು ಉಳಿಯಿತು. ಅದೇ ಕಲ್ಲು ಒಡೆದು ಬುನಾದಿಗೆ ಸೇರಿದ್ದರೆ ಆ ಊರಿನ ಹನ್ನೆರಡು ಶತಮಾನಗಳಿಗೂ ಹಿಂದಿನ ದಾಖಲೆಯೊಂದು ಇಲ್ಲವಾಗುತ್ತಿತ್ತು.

ಅಕ್ಷರ ಅಥವಾ ಉಬ್ಬುಚಿತ್ರವಿರುವ ಕಲ್ಲು ದೊರೆತಲ್ಲಿ:

(ಅ) ಇದ್ದ ಸ್ಥಳದಲ್ಲಿಯೇ ಬಿಟ್ಟು, ಎಲ್ಲ ಬದಿಗಳಿಂದ ಛಾಯಾಚಿತ್ರ ತೆಗೆಯುವುದು.
(ಆ) ಸುಣ್ಣ, ಎಣ್ಣೆ, ಬಣ್ಣ ಬಳಿಯದಿರುವುದು. ಆಮ್ಲ ಅಥವಾ ತಂತಿ ಬ್ರಷ್‌ನಿಂದ ತೊಳೆಯದಿರುವುದು.
(ಇ) ತಹಶೀಲ್ದಾರರ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸುವುದು.

ನೆಲದಲ್ಲಿ ಹುದುಗಿದ್ದ ನಾಣ್ಯ, ಆಭರಣ ಇತ್ಯಾದಿ ದೊರೆತಲ್ಲಿ ಜಿಲ್ಲಾಧಿಕಾರಿಗಳಿಗೆ ಕೂಡಲೇ ಲಿಖಿತ ಮಾಹಿತಿ ನೀಡುವುದು. ಅವುಗಳನ್ನು ಕರಗಿಸುವುದು, ಹಂಚಿಕೊಳ್ಳುವುದು ಕಾನೂನು ಕ್ರಮಕ್ಕೆ ಆಸ್ಪದ ನೀಡುತ್ತದೆ.

5. ದುರಸ್ತಿಯಲ್ಲಿ ಅನುಸರಿಸಬೇಕಾದ ಎಚ್ಚರಿಕೆಗಳು

(ಅ) ಮರದಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಹುಳು ಇರುವ ಸಂಭವವಿದೆ. ಉಪಚಾರ ಮಾಡುವವರೆಗೆ ಮನೆಯ ಇತರ ಮರದ ಸಾಮಾನುಗಳಿಂದ ದೂರವಿಡುವುದು.
(ಆ) ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ ಇಳಿಸಿದ ನಿಯಮಗಳು ಬಂದದ್ದು 2016ರಲ್ಲಿ. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜದೆ, ನೀರು ಹಚ್ಚಿ ಉಜ್ಜುವುದು. ಮಕ್ಕಳು ಹಾಗೂ ಗರ್ಭಿಣಿಯರು ಹತ್ತಿರವಿರಬಾರದು.
(ಇ) ಸಡಿಲಗೊಂಡ ಬೆತ್ತದ ಹೆಣಿಗೆಯನ್ನು ಕೆಳಬದಿಯಿಂದ ಬಿಸಿನೀರಿನಲ್ಲಿ ನೆನೆಸಿ ಒಣಗಿಸಿದರೆ ಅದು ಬಹುಮಟ್ಟಿಗೆ ಬಿಗಿಯಾಗುತ್ತದೆ. ತುಂಡಾಗಿದ್ದಲ್ಲಿ ಹೊಸದಾಗಿ ಹೆಣೆಸಬೇಕು.
(ಈ) ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆಮಾಡಿ ಇಟ್ಟರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸುವುದು.

ವಿಶೇಷ ಸೂಚನೆ: ವಸ್ತುವಿನ ಕಾಲದ ಬಗ್ಗೆ ಸಂದೇಹವಿದ್ದಲ್ಲಿ ದುರಸ್ತಿಯನ್ನು ಮುಂದೂಡಿ, ಮೊದಲು ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ. ಈ ಪುಟವು ಸಾಮಾನ್ಯ ಮಾಹಿತಿಗಾಗಿ ಮಾತ್ರ ಇದ್ದು, ಆಯಾ ಅಧಿನಿಯಮ ಮತ್ತು ನಿಯಮಗಳ ಮೂಲಪಾಠವೇ ಅಂತಿಮವಾಗಿರುತ್ತದೆ.