ತೆರಿಗೆ ಕಥೆಗಳು, ಭಾಗ 6: ಲಾಭ ಕೋಟಿ ಕೋಟಿ, ತೆರಿಗೆ ಸೊನ್ನೆ

ಬಿಕಾಂ ಓದೋರಿಗೆ ‘ಮ್ಯಾಟ್’ ಗೊತ್ತಿರುತ್ತೆ. ಮಿನಿಮಮ್ ಆಲ್ಟರ್ನೇಟ್ ಟ್ಯಾಕ್ಸ್, ಅಂದ್ರೆ ಕನಿಷ್ಠ ಪರ್ಯಾಯ ತೆರಿಗೆ. ಸೆಕ್ಷನ್ ನಂಬರ್ ಬಾಯಿಪಾಠ ಮಾಡ್ತೀವಿ, ಪರೀಕ್ಷೆ ಮುಗಿದ ಮೇಲೆ ಮರೀತೀವಿ. ಆದ್ರೆ ಅದು ಯಾಕೆ ಬಂತು ಅಂತ ಯಾರೂ ಕೇಳಲ್ಲ.

1980ರ ದಶಕ. ಕೆಲವು ದೊಡ್ಡ ಕಂಪನಿಗಳು ವಾರ್ಷಿಕ ವರದಿಯಲ್ಲಿ ಭರ್ಜರಿ ಲಾಭ ತೋರಿಸಿ ಷೇರುದಾರರಿಗೆ ಡಿವಿಡೆಂಡ್ ಹಂಚುತ್ತಿದ್ದವು. ಅದೇ ವರ್ಷ ಕಟ್ಟಿದ ಆದಾಯ ತೆರಿಗೆ? ಸೊನ್ನೆ. ಇವಕ್ಕೆ ‘ಝೀರೋ ಟ್ಯಾಕ್ಸ್ ಕಂಪನಿ’ ಅಂತಲೇ ಹೆಸರು ಬಿತ್ತು.

ಕಳ್ಳ ಲೆಕ್ಕನಾ? ಅಲ್ಲ. ಎಲ್ಲ ಕಾನೂನಿನ ಒಳಗೇ. ಷೇರುದಾರರಿಗೆ ಕಂಪನಿ ಕಾಯ್ದೆಯ ಲೆಕ್ಕ, ಇಲಾಖೆಗೆ ಆದಾಯ ತೆರಿಗೆ ಕಾಯ್ದೆಯ ಲೆಕ್ಕ. ಮೊದಲನೆಯದರಲ್ಲಿ ಮೆಷಿನ್‌ನ ಸವಕಳಿಯನ್ನ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಳೀಬಹುದು. ಎರಡನೆಯದರಲ್ಲಿ ಶುರುವಿನ ವರ್ಷಗಳಲ್ಲೇ ದೊಡ್ಡ ಮೊತ್ತ ಕಳೀಬಹುದು. ಜೊತೆಗೆ 1976ರಿಂದ ಮೆಷಿನ್ ಬೆಲೆಯ 25% ಹೂಡಿಕೆ ಭತ್ಯೆ ಬೇರೆ. ಕಾರ್ಖಾನೆ ಬೆಳೀಲಿ ಅಂತ ಸರ್ಕಾರನೇ ಕೊಟ್ಟಿದ್ದ ರಿಯಾಯಿತಿ ಇದು. ಹೊಸ ಹೊಸ ಮೆಷಿನ್ ಹಾಕ್ತಾ ಹೋದ್ರೆ ತೆರಿಗೆ ಲೆಕ್ಕದಲ್ಲಿ ಲಾಭ ಉಳಿಯೋದೇ ಇಲ್ಲ!

ಸಂಬಳದವರಿಗೆ ಈ ಎರಡು ಲೆಕ್ಕದ ಅನುಕೂಲ ಇಲ್ಲ. ತೆರಿಗೆ ಬೀಳುವಷ್ಟು ಸಂಬಳ ಇದ್ರೆ, ಅದು ಕೈಗೆ ಬರೋ ಮೊದಲೇ ಟಿಡಿಎಸ್ ಕಟ್.

1987ರ ಬಜೆಟ್ ಮಂಡಿಸಿದ್ದು ಪ್ರಧಾನಿ ರಾಜೀವ್ ಗಾಂಧಿ. ಹಣಕಾಸು ಖಾತೆ ಆಗ ಅವರ ಹತ್ರಾನೇ ಇತ್ತು. ಅವರು ತಂದ ಸೆಕ್ಷನ್ 115ಜೆ ಹೇಳಿದ್ದು ಇಷ್ಟೇ: ಷೇರುದಾರರಿಗೆ ತೋರಿಸಿದ ಲಾಭದ ಕನಿಷ್ಠ 30%ನ್ನಾದರೂ ಆದಾಯ ಅಂತ ಲೆಕ್ಕ ಹಿಡೀರಿ, ಅದರ ಮೇಲೆ ತೆರಿಗೆ ಕಟ್ಟಿ. ಆಗ ಕಂಪನಿ ತೆರಿಗೆ ದರ ಸುಮಾರು 50%. ಅಂದ್ರೆ 100 ಕೋಟಿ ಲಾಭ ತೋರಿಸಿದ್ರೆ ಕಡಿಮೆ ಅಂದ್ರೂ ಸುಮಾರು 15 ಕೋಟಿ ತೆರಿಗೆ.

1990ರ ಬಜೆಟ್‌ನಲ್ಲಿ ಇದನ್ನ ತೆಗೆದರು. ಝೀರೋ ಟ್ಯಾಕ್ಸ್ ಕಂಪನಿಗಳು ಮತ್ತೆ ಕಾಣಿಸಿಕೊಂಡವು. 1996ರಲ್ಲಿ ಪಿ. ಚಿದಂಬರಂ 115ಜೆಎ ಹೆಸರಲ್ಲಿ ವಾಪಸ್ ತಂದರು. 2000ದಲ್ಲಿ ಅದರ ಜಾಗಕ್ಕೆ 115ಜೆಬಿ ಬಂತು. ನಾವು ಸಿಲಬಸ್‌ನಲ್ಲಿ ಓದೋದು ಇದನ್ನೇ.

2019ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ತಿರುವು. ರಿಯಾಯಿತಿಗಳನ್ನ ಬಿಟ್ಟುಕೊಡೋ ಕಂಪನಿಗೆ ಮೂಲ ದರ 22%, ಮ್ಯಾಟ್ ಇಲ್ಲ. ಇದೂ ಸೇರಿ ಆಗ ಘೋಷಿಸಿದ ಕ್ರಮಗಳಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಟ್ಟ ಹಾಗೆ ಅಂತ ಸರ್ಕಾರನೇ ಅಂದಾಜು ಹೇಳಿತ್ತು. 2023-24ರಲ್ಲಿ ಕಂಪನಿ ತೆರಿಗೆ ಸುಮಾರು 9.1 ಲಕ್ಷ ಕೋಟಿ, ವೈಯಕ್ತಿಕ ಆದಾಯ ತೆರಿಗೆ ಸುಮಾರು 10.4 ಲಕ್ಷ ಕೋಟಿ. ಇದಕ್ಕೆ ದರ ಇಳಿಸಿದ್ದು ಒಂದೇ ಕಾರಣ ಅಲ್ಲ, ರಿಟರ್ನ್ಸ್ ಸಲ್ಲಿಸೋರೂ ಜಾಸ್ತಿ ಆಗಿದ್ದಾರೆ. ಆದ್ರೂ ಭಾರ ಯಾವ ಕಡೆ ವಾಲಿದೆ ಅಂತ ಕಾಣುತ್ತೆ.

ರಿಯಾಯಿತಿ ಕೊಡೋದೇ ತಪ್ಪು ಅಂತಲ್ಲ. ಆದ್ರೆ ರಿಯಾಯಿತಿ ಪುಕ್ಕಟೆ ಅಲ್ಲ. ಒಬ್ಬರು ಕಟ್ಟದೇ ಇದ್ದಿದ್ದನ್ನ ಇನ್ನೊಬ್ಬರು ಕಟ್ಟಬೇಕು, ಇಲ್ಲಾಂದ್ರೆ ಸರ್ಕಾರ ಸಾಲ ಮಾಡಬೇಕು, ಇಲ್ಲಾಂದ್ರೆ ಖರ್ಚು ಕಡಿತ ಮಾಡಬೇಕು. ಹಾಗಾಗಿ ಬಜೆಟ್ ದಿನ ನಮ್ಮ ಸ್ಲ್ಯಾಬ್ ಒಂದನ್ನೇ ನೋಡಬೇಡಿ. ಯಾರಿಗೆ ಎಷ್ಟು ಬಿಟ್ರು ಅನ್ನೋ ಪಟ್ಟಿನೂ ಬಜೆಟ್ ದಾಖಲೆಗಳಲ್ಲೇ ಇರುತ್ತೆ, ಅದನ್ನೂ ಒಮ್ಮೆ ತೆಗೆದು ನೋಡಿ.

ಪರೀಕ್ಷೆಗೆ ಬೇಕಾದ್ರೆ ಸೇವ್ ಮಾಡ್ಕೊಳ್ಳಿ. ಭಾಗ 7ರಲ್ಲಿ ಮಾರಿಷಸ್ ದಾರಿ 👋

#ತೆರಿಗೆಕಥೆಗಳು #ಬಿಕಾಂ #ಕನ್ನಡದಲ್ಲಿಕಾಮರ್ಸ್